ಯಂತ್ರ ಓಡಿತು, ದುಡ್ಡು ಕೊಡುವವರು ಯಾರು?

ಮತ ಹಾಕಿ ಬಂದವರ ಎಡಗೈ ತೋರುಬೆರಳಿನ ಮೇಲೆ ವಾರಗಟ್ಟಲೆ ಉಳಿಯುವ ಆ ಕಪ್ಪು ಗೆರೆ ಮೈಸೂರಿನದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ತಾಗಿದ ಕೂಡಲೇ ಕಪ್ಪಗಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಮುಂದೆ ಸರಿದಾಗಲೇ ಅದು ಮಾಯವಾಗುವುದು. ಇದನ್ನು ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ರಸಾಯನ ವಿಜ್ಞಾನಿಗಳು. ತಯಾರಿಸುವ ಹಕ್ಕು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಂಪನಿಗೆ ಬಂತು. ಕಾಡಿನ ಅರಗನ್ನು ಬಳಸಿಕೊಳ್ಳಲೆಂದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಹುಟ್ಟಿದ ಕಾರ್ಖಾನೆ ಅದು. 1962ರ ಮೂರನೇ ಮಹಾಚುನಾವಣೆಯಿಂದ ಇಂದಿನವರೆಗೂ ದೇಶದ ಚುನಾವಣೆಗಳಿಗೆ ಅಲ್ಲಿಂದಲೇ ಶಾಯಿ ಹೋಗುತ್ತಿದೆ. ಹೊರಗಿನ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳು ಕೊಂಡುಕೊಂಡಿವೆ.

ತಾಂತ್ರಿಕ ಐಡಿಯಾ ವ್ಯಾಪಾರವಾಗಲು ಏನೇನು ಬೇಕೋ ಎಲ್ಲವೂ ಈ ಪುಟ್ಟ ಸೀಸೆಯ ಹಿಂದೆ ಇವೆ. ಪ್ರಯೋಗಾಲಯದಲ್ಲಿ ಒಂದು ಸೂತ್ರ ಸಿದ್ಧವಾಯಿತು. ಅದರ ಹಕ್ಕನ್ನು ಕಾಗದದ ಮೇಲೆ ಬರೆದು ಕೊಡುವ ವ್ಯವಸ್ಥೆ ಇತ್ತು. ಬಣ್ಣ ಅರೆದು, ಬೆರೆಸಿ, ಸೀಸೆಗೆ ತುಂಬಿ ಗೊತ್ತಿದ್ದ ಕಾರ್ಖಾನೆ ಇತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ, ಚುನಾವಣಾ ಆಯೋಗವೆಂಬ ಗಿರಾಕಿ ಶಾಯಿ ತಯಾರಾಗುವುದಕ್ಕೂ ಮೊದಲೇ ಬಾಗಿಲಲ್ಲಿ ನಿಂತಿತ್ತು. ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯುವುದು ಹೇಗೆಂಬುದು ಅದರ ತಲೆನೋವು. ಆ ತಲೆನೋವಿಗೆ ಮದ್ದು ಹುಡುಕಿದ್ದರಿಂದ ಮಾರುಕಟ್ಟೆ ಎಲ್ಲಿದೆ ಎಂದು ಯಾರೂ ಅಲೆಯಬೇಕಾಗಲಿಲ್ಲ.

ಇಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಪ್ರತಿವರ್ಷ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಪ್ರದರ್ಶನ ನಡೆಯುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಇಂಥ ಪ್ರಾಜೆಕ್ಟುಗಳಿಗೆ ಹಣ ಕೊಟ್ಟು ಬೆನ್ನು ತಟ್ಟುತ್ತಾ ಬಂದಿದೆ. ತೇವ ನೋಡಿ ತಾನೇ ನೀರು ಬಿಡುವ ಪಂಪು, ಕುರುಡರಿಗೆ ದಾರಿ ಹೇಳುವ ಕೋಲು, ಹಾಲಿನ ಕಲಬೆರಕೆ ಪತ್ತೆಹಚ್ಚುವ ಪೆಟ್ಟಿಗೆ: ಮೇಜಿನ ಮೇಲೆ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಮಾಡಿದ ಹುಡುಗ ಹುಡುಗಿಯರ ಕಣ್ಣಲ್ಲಿ ಬೆಳಕಿರುತ್ತದೆ. ಆದರೆ ಇದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳಿ ನೋಡಿ. ‘ರೈತರಿಗೆ ತುಂಬಾ ಉಪಯೋಗ ಸಾರ್’ ಎಂಬ ಉತ್ತರ ಬರುತ್ತದೆ. ಉಪಯೋಗ ಇರುವುದು ಬೇರೆ, ಜೇಬಿಗೆ ಕೈ ಹಾಕುವುದು ಬೇರೆ. ಈ ಎರಡರ ನಡುವಿನ ಹಾದಿ ಎಷ್ಟು ದೂರ ಎಂದು ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ಪ್ರಾಜೆಕ್ಟ್ ವರದಿಗೆ ಅಂಕ ಬೀಳುತ್ತದೆ, ಪೆಟ್ಟಿಗೆ ವಿಭಾಗದ ಬೀರು ಸೇರುತ್ತದೆ. ನನಗೆ ಸಂಕಟವಾಗುವುದು ಆ ಬೀರುಗಳನ್ನು ನೋಡಿದಾಗ.

ತಂತ್ರಜ್ಞಾನ ನೆಚ್ಚಿಕೊಂಡ ಉದ್ಯಮಕ್ಕೂ ಮಾಮೂಲಿ ವ್ಯಾಪಾರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬಸ್ ನಿಲ್ದಾಣದ ಎದುರು ದರ್ಶಿನಿ ತೆರೆಯುವವರಿಗೆ ಇಡ್ಲಿ ಬೇಯುತ್ತದೋ ಇಲ್ಲವೋ ಎಂಬ ಅನುಮಾನ ಇರುವುದಿಲ್ಲ. ಜನ ಬರುತ್ತಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಹೊಸ ಯಂತ್ರ, ಹೊಸ ಔಷಧ, ಹೊಸ ಸಾಫ್ಟ್‌ವೇರ್ ಮಾಡುವವರಿಗೆ ಎರಡು ಅನುಮಾನಗಳೂ ಒಟ್ಟಿಗೇ ಇರುತ್ತವೆ. ಮಾಡಿದ್ದು ನೂರಕ್ಕೆ ನೂರು ಕೆಲಸ ಮಾಡುತ್ತದೆಯೇ? ಮಾಡಿದರೂ ಕೊಳ್ಳುವವರಿದ್ದಾರೆಯೇ? ಮೊದಲನೆಯದಕ್ಕೆ ಉತ್ತರ ಸಿಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ಕೈಯಲ್ಲಿದ್ದ ದುಡ್ಡು ಕರಗಿರುತ್ತದೆ. ಎಂಜಿನಿಯರ್‌ಗಳು ಸಾಮಾನ್ಯವಾಗಿ ಮೊದಲನೆಯದನ್ನು ಪೂರ್ತಿ ಬಗೆಹರಿಸಿಯೇ ಎರಡನೆಯದಕ್ಕೆ ಕೈ ಹಾಕುತ್ತಾರೆ. ಅವರು ಕಲಿತದ್ದು ಅದನ್ನೇ. ಎರಡನ್ನೂ ಒಟ್ಟೊಟ್ಟಿಗೆ, ಆದರೆ ಎರಡನೆಯದನ್ನು ಒಂದು ಹೆಜ್ಜೆ ಮುಂದಿಟ್ಟುಕೊಂಡು ನಡೆಸಬೇಕು ಎಂಬುದು ಈ ಬರಹದ ವಾದ.

ಇದನ್ನು ಹೇಳಲು ಸಿಂಪ್ಯೂಟರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಕೆಲವರು ಕೂತು ಒಂದು ಕನಸು ಕಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಒಂದು ಕಡೆ. ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಜೊತೆಗಾರರು ಇನ್ನೊಂದು ಕಡೆ. ಅಂಗೈಯಲ್ಲಿ ಹಿಡಿಯುವಂಥ, ಓದು ಬರಹ ಬಾರದವರೂ ಬಳಸಬಹುದಾದ ಕಂಪ್ಯೂಟರ್ ಮಾಡಬೇಕು. ಅದರ ಬೆಲೆ ಒಂಬತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿರಬೇಕು. ಅದು ಕನ್ನಡ, ಹಿಂದಿ, ತಮಿಳಿನಲ್ಲಿ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳಬೇಕು. 2001ರಲ್ಲಿ ಮಾದರಿ ಹೊರಬಂತು. ಒಳಗೆ ಲಿನಕ್ಸ್, ಮೇಲೆ ಕಡ್ಡಿಯಿಂದ ಮುಟ್ಟಿ ಬರೆಯುವ ಪರದೆ, ಪಕ್ಕದಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ. ಒಂದು ಸಿಂಪ್ಯೂಟರನ್ನು ಇಡೀ ಊರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ಲೆಕ್ಕಪತ್ರ ಅವರವರ ಕಾರ್ಡಿನಲ್ಲಿರಲಿ ಎಂಬ ಜಾಣತನ ಆ ಕಿಂಡಿಯ ಹಿಂದಿತ್ತು. ಜಗತ್ತಿನ ಪತ್ರಿಕೆಗಳು ಬೆರಗಾಗಿ ಬರೆದವು.

2004ರ ಮಾರ್ಚ್‌ನಲ್ಲಿ ಅಮಿದ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ವಿನ್ಯಾಸ ಪಿಕೋಪೆಟಾ ಕಂಪನಿಯದು, ತಯಾರಿಕೆ ಭಾರತ್ ಎಲೆಕ್ಟ್ರಾನಿಕ್ಸ್‌ನದು. ಕೈಯಲ್ಲಿ ಹಿಡಿದು ಒಂದಿಷ್ಟು ವಾಲಿಸಿದರೆ ಪರದೆಯ ಪುಟ ತಿರುಗುತ್ತಿತ್ತು. ನಮ್ಮ ಕೈಬರಹದಲ್ಲೇ ಟಿಪ್ಪಣಿ ಗೀಚಿ ಅದನ್ನೇ ಇಮೇಲ್ ಮಾಡಬಹುದಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಅಂದಿನ ಬೆಂಗಳೂರಿನ ಆ ಪ್ರತಿಭೆಯ ಎತ್ತರ ತಿಳಿಯುತ್ತದೆ. ಐವತ್ತು ಸಾವಿರ ಮಾರಾಟದ ನಿರೀಕ್ಷೆ ಇತ್ತು. 2005ರ ಹೊತ್ತಿಗೆ ಮಾರಾಟವಾದದ್ದು ನಾಲ್ಕು ಸಾವಿರಕ್ಕೂ ಕಡಿಮೆ.

ಯಾಕೆ ಹೀಗಾಯಿತು? ಮೊಬೈಲ್ ಫೋನ್ ಬಂತು ಎಂಬುದು ಸುಲಭದ ಉತ್ತರ. ಸುಳ್ಳೂ ಅಲ್ಲ. 2003ರಲ್ಲಿ ಒಳಬರುವ ಕರೆಗಳು ಪುಕ್ಕಟೆಯಾದವು, ಅದೇ ವರ್ಷ ಐನೂರು ರೂಪಾಯಿ ಕಟ್ಟಿದರೆ ಕೈಗೆ ಫೋನ್ ಕೊಡುವ ಯೋಜನೆಗಳು ಬಂದವು. ಊರವರಿಗೆ ಬೇಕಾಗಿದ್ದುದು ಮೊದಲು ಮಾತು, ಆಮೇಲೆ ಕಂಪ್ಯೂಟರ್. ಆದರೆ ನನ್ನ ಮಟ್ಟಿಗೆ ಮೂಲ ತೊಡಕು ಬೇರೆಯೇ. ಊರಿಗೊಂದು ಯಂತ್ರ ಎಂದಾಗ ಅದನ್ನು ಕೊಳ್ಳುವವರು ಯಾರು? ರೈತ ಕೊಳ್ಳಲಾರ, ಹಂಚಿಕೊಳ್ಳುವ ವಸ್ತುವಿಗೆ ತಾನೊಬ್ಬನೇ ಯಾಕೆ ದುಡ್ಡು ಹಾಕಬೇಕು? ಊರಿನ ಅಂಗಡಿಯವರು ಕೊಳ್ಳಬಹುದಿತ್ತು. ಆದರೆ ಅದನ್ನಿಟ್ಟುಕೊಂಡು ದಿನಕ್ಕೆ ಎಷ್ಟು ದುಡಿಯಬಹುದು, ಯಾವ ಸೇವೆಗೆ ಎಷ್ಟು ತೆಗೆದುಕೊಳ್ಳಬಹುದು ಎಂಬ ಲೆಕ್ಕವನ್ನು ಅವರ ಮುಂದೆ ಇಟ್ಟವರಿರಲಿಲ್ಲ. ಉಳಿದದ್ದು ಸರ್ಕಾರಿ ಇಲಾಖೆಗಳು. ಅಲ್ಲಿ ಕಡತ ಮೆಲ್ಲಗೆ ಸಾಗುತ್ತದೆ, ಆರ್ಡರ್ ನೂರರ ಲೆಕ್ಕದಲ್ಲಿ ಬರುತ್ತದೆ. ಚಿಪ್, ಪರದೆಗಳನ್ನು ಲಕ್ಷಗಟ್ಟಲೆ ಕೊಂಡರೆ ಅಗ್ಗ, ಸಾವಿರದ ಲೆಕ್ಕದಲ್ಲಿ ಕೊಂಡರೆ ದುಬಾರಿ. ಹೀಗೆ ಬೆಲೆ ಇಳಿಯದೆ ಮಾರಾಟ ಏರಲಿಲ್ಲ, ಮಾರಾಟ ಏರದೆ ಬೆಲೆ ಇಳಿಯಲಿಲ್ಲ. ಬುದ್ಧಿಯೆಲ್ಲ ಯಂತ್ರದ ಒಳಗೆ ಹೋಯಿತು, ಯಂತ್ರದ ಸುತ್ತಲಿನ ದುಡ್ಡಿನ ಓಡಾಟಕ್ಕೆ ಅಷ್ಟೇ ಬುದ್ಧಿ ಖರ್ಚಾಗಲಿಲ್ಲ.

ಅದೇ ವರ್ಷಗಳಲ್ಲಿ ಇದೇ ರಾಜ್ಯದಲ್ಲಿ ಸರ್ಕಾರದ ‘ಭೂಮಿ’ ಎಂಬ ಜಮೀನು ದಾಖಲೆಗಳ ಯೋಜನೆಯೂ ನಡೆಯುತ್ತಿತ್ತು. ಅದರಲ್ಲಿ ಹೊಸ ಆವಿಷ್ಕಾರವೇನೂ ಇರಲಿಲ್ಲ. ಮಾಮೂಲಿ ಕಂಪ್ಯೂಟರ್, ಪ್ರಿಂಟರ್, ಬೆರಳಚ್ಚು ಓದುವ ಸಾಧನ. ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಹದಿನೈದು ರೂಪಾಯಿಗೆ ಒಂದು ಪ್ರತಿ ಕೊಡತೊಡಗಿದರು. ರೈತರು ಸಾಲುಗಟ್ಟಿ ನಿಂತು ಕೊಂಡರು. ಯಾಕೆಂದರೆ ಆ ಪಹಣಿಗಾಗಿ ಹಿಂದೆ ಅವರು ಕಳೆಯುತ್ತಿದ್ದ ದಿನಗಳ ಕೂಲಿ, ಕೊಡುತ್ತಿದ್ದ ಲಂಚ ಹದಿನೈದು ರೂಪಾಯಿಗಿಂತ ಎಷ್ಟೋ ಹೆಚ್ಚಾಗಿತ್ತು. ಅದು ಸರ್ಕಾರದ ಕೆಲಸ, ಉದ್ಯಮವಲ್ಲ, ನಿಜ. ಆದರೆ ಉದ್ಯಮ ಮಾಡುವವರು ಕಲಿಯಬೇಕಾದ ಲೆಕ್ಕ ಅದರಲ್ಲಿದೆ: ಗಿರಾಕಿ ಈಗಾಗಲೇ ಎಲ್ಲಿ ಕಳೆದುಕೊಳ್ಳುತ್ತಿದ್ದಾನೋ ಅಲ್ಲಿ ಆತ ದುಡ್ಡು ಬಿಚ್ಚುತ್ತಾನೆ.

ಈ ಲೆಕ್ಕವನ್ನು ಚೆನ್ನಾಗಿ ಅರಿತವರು ಹರೀಶ್ ಹಂದೆ. ಕುಂದಾಪುರ ಕಡೆಯ ಮನೆತನ, ಬೆಳೆದದ್ದು ರೂರ್ಕೆಲಾದಲ್ಲಿ, ಓದಿದ್ದು ಖರಗ್‌ಪುರದ ಐಐಟಿ, ಆಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್. ಸೌರಶಕ್ತಿಯ ಮೇಲೆ ಸಂಶೋಧನೆ ಮಾಡುತ್ತಿದ್ದವರು ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿ ಬಡವರು ತಾವೇ ದುಡ್ಡು ಕೊಟ್ಟು ಸೋಲಾರ್ ದೀಪ ಹಾಕಿಸಿಕೊಂಡಿದ್ದನ್ನು ಕಂಡರು. ಕಂಡು, ಹಿಡಿದಿದ್ದ ಸಂಶೋಧನೆಯ ದಿಕ್ಕನ್ನೇ ಬದಲಿಸಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಶುರುವಾಯಿತು. ಸೋಲಾರ್ ಹಲಗೆ, ಬ್ಯಾಟರಿ, ಬಲ್ಬು: ಯಾವುದನ್ನೂ ಅವರು ಕಂಡುಹಿಡಿಯಲಿಲ್ಲ. ಅವರು ಕಂಡುಹಿಡಿದದ್ದು ಕಂತನ್ನು.

ಹಂದೆಯವರು ಹಲವು ಸಭೆಗಳಲ್ಲಿ ಹೇಳಿಕೊಂಡಿರುವ ಸಂಗತಿಯೊಂದಿದೆ. ತಿಂಗಳಿಗೆ ಮುನ್ನೂರು ರೂಪಾಯಿ ಕಂತು ಎಂದಾಗ ಬೀದಿ ಬದಿಯ ತರಕಾರಿ ವ್ಯಾಪಾರಿಯೊಬ್ಬರು ಆಗುವುದಿಲ್ಲ ಎಂದರಂತೆ. ದಿನಕ್ಕೆ ಹತ್ತು ರೂಪಾಯಿಯಾದರೆ ಸರಿ ಎಂದರಂತೆ. ಕಾಗದದ ಮೇಲೆ ಎರಡೂ ಒಂದೇ. ಆದರೆ ಆ ವ್ಯಾಪಾರಿಯ ಬದುಕನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಸಾಲ ತಂದ ದುಡ್ಡಿನಲ್ಲಿ ಮಂಡಿಯಿಂದ ಸೊಪ್ಪು, ಟೊಮೆಟೊ ತಂದು ಗಾಡಿಗೆ ಹಾಕುತ್ತಾರೆ. ಸಂಜೆ ಆರರಿಂದ ಒಂಬತ್ತರವರೆಗೆ ವ್ಯಾಪಾರ ಜೋರು. ಆ ಹೊತ್ತಿಗೆ ಬೆಳಕು ಬೇಕು, ಅದಕ್ಕೆ ಸೀಮೆಎಣ್ಣೆ ಬೇಕು. ಅಂದಿನ ಸೀಮೆಎಣ್ಣೆಯ ದುಡ್ಡು ಅಂದಿನ ಗಲ್ಲಾದಿಂದಲೇ ಹೋಗುತ್ತದೆ. ರಾತ್ರಿ ಸಾಲ ಕೊಟ್ಟವರಿಗೆ ತೀರಿಸಿ, ಮನೆಗೆ ಅಕ್ಕಿ ಬೇಳೆ ಕೊಂಡ ಮೇಲೆ ಕೈ ಬರಿದು. ತಿಂಗಳ ಕೊನೆಗೆ ಮುನ್ನೂರು ರೂಪಾಯಿ ಒಟ್ಟಾಗಿ ಉಳಿಯುವ ಜಾಗವೇ ಆ ಬದುಕಿನಲ್ಲಿ ಇಲ್ಲ. ಸೀಮೆಎಣ್ಣೆಗೆ ಹೋಗುತ್ತಿದ್ದ ದಿನದ ದುಡ್ಡನ್ನೇ ಕಂತಿಗೆ ತಿರುಗಿಸಿದರೆ ಮಾತ್ರ ದೀಪ ಉರಿಯುತ್ತದೆ.

ಸೆಲ್ಕೋ ಮಾಡಿದ್ದು ಅದನ್ನೇ. ಬೀದಿ ವ್ಯಾಪಾರಿಗೆ ದಿನದ ಕಂತು, ಬೆಳೆಗಾರನಿಗೆ ಕೊಯ್ಲಿನ ನಂತರದ ಕಂತು, ಹೀಗೆ ದುಡ್ಡು ಯಾವಾಗ ಬರುತ್ತದೋ ಆಗ ಕಟ್ಟುವ ವ್ಯವಸ್ಥೆ. ಕೆಲವೆಡೆ ಯಾರೋ ಒಬ್ಬರು ಹಗಲು ಬ್ಯಾಟರಿಗಳನ್ನು ಚಾರ್ಜ್ ಮಾಡಿ ಸಂಜೆ ಗಾಡಿಗಳಿಗೆ ದೀಪ ಬಾಡಿಗೆಗೆ ಕೊಟ್ಟು, ರಾತ್ರಿ ವಾಪಸ್ ತೆಗೆದುಕೊಳ್ಳುವ ಏರ್ಪಾಡಾಯಿತು. ಸಾಲಕ್ಕಾಗಿ ಗ್ರಾಮೀಣ ಬ್ಯಾಂಕುಗಳ ಬಾಗಿಲು ತಟ್ಟಿದರು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಮುಂದೆ ಬಂದವು. ಸಿಂಡಿಕೇಟ್ ಬ್ಯಾಂಕಿಗೆ ಈ ದಿನಗಂತಿನ ಮಾತು ಹೊಸದೇನಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿತ್ತು. ಏಜೆಂಟರು ದಿನವೂ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆ ಸಂಗ್ರಹಿಸುತ್ತಿದ್ದರು. ಜನರ ಕೈಯಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಎಂದು ನಮ್ಮ ಕರಾವಳಿಯ ಬ್ಯಾಂಕರುಗಳಿಗೆ ಅದಕ್ಕೂ ಸುಮಾರು ಎಪ್ಪತ್ತು ವರ್ಷ ಮೊದಲೇ ಇದ್ದ ಜ್ಞಾನ ಸೋಲಾರ್ ದೀಪದ ಜೊತೆ ಸೇರಿದಾಗ ಅದೊಂದು ಉದ್ಯಮವಾಯಿತು. ಇದಕ್ಕೆ ಇನ್ನೊಂದು ಆಸರೆ ರಿಪೇರಿ. ದೀಪ ಕೆಟ್ಟರೆ ಹತ್ತಿರದ ಶಾಖೆಯಿಂದ ಹುಡುಗರು ಬಂದು ಸರಿಮಾಡುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಬ್ಯಾಂಕ್ ಮ್ಯಾನೇಜರು ಸಾಲ ಕೊಡುತ್ತಿರಲಿಲ್ಲ, ಗಿರಾಕಿ ಕಂತು ಕಟ್ಟುತ್ತಿರಲಿಲ್ಲ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಇದೇ ಕಣ್ಣಿನಿಂದ ಮಲೆನಾಡಿನ ಒಂದು ಅಂಗಳಕ್ಕೆ ಹೋಗೋಣ. ಅಡಿಕೆ ಸುಲಿಯುವ ಯಂತ್ರ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಪ್ರಾಜೆಕ್ಟ್. ಕೊನೆ ಇಳಿಸಿದ ಮೇಲೆ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಒಂದೆರಡು ದಿನದೊಳಗೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಬೇಕು. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ನಡುರಾತ್ರಿಯವರೆಗೂ ಸುಲಿಯುತ್ತಾರೆ. ಅಂಥ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಯಂತ್ರ ಬೇಕೇ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಿದ್ದರೆ ಯಂತ್ರ ಮಾಡಿದವರು ಮೊದಲು ಏನು ಕೇಳಬೇಕು?

‘ಯಂತ್ರ ಮಾಡಿಕೊಟ್ಟರೆ ತೆಗೆದುಕೊಳ್ತೀರಾ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಮನೆಗೆ ಬಂದವರ ಮನಸ್ಸು ನೋಯಿಸಬಾರದು ಎಂಬ ಮಲೆನಾಡಿನ ಸೌಜನ್ಯ ಅದು. ಆ ಹೌದನ್ನು ಆರ್ಡರ್ ಎಂದುಕೊಂಡು ಸಾಲ ಮಾಡಿದವರು ಕೆಡುತ್ತಾರೆ. ಅದರ ಬದಲು ಹೋದ ವರ್ಷದ ಕತೆ ಕೇಳಬೇಕು. ಯಜಮಾನರೇ, ಹೋದ ಸಲ ಎಷ್ಟು ಜನ ಸುಲಿದರು, ಕೆಜಿಗೆ ಎಷ್ಟು ಕೊಟ್ಟಿರಿ, ಎಷ್ಟು ದಿನ ಹಿಡಿಯಿತು, ಜನ ಸಿಗದೆ ಎಷ್ಟು ಅಡಿಕೆ ಕೆಟ್ಟಿತು? ಈ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಸೌಜನ್ಯ ಇರುವುದಿಲ್ಲ, ಲೆಕ್ಕ ಇರುತ್ತದೆ. ಮಾತು ಮುಂದುವರಿದಂತೆ ಯಂತ್ರ ಮಾಡಿದವರಿಗೆ ಗೊತ್ತಿರದ ಸಂಗತಿಗಳು ಒಂದೊಂದಾಗಿ ಹೊರಬರುತ್ತವೆ. ಎಳೆಯ ಅಡಿಕೆಗೆ ‘ಸರಕು’ ಎಂಬ ಮೇಲ್ದರ್ಜೆಯ ಬೆಲೆ. ಯಂತ್ರದ ಅಲಗು ತಾಗಿ ಗಾಯವಾದರೆ ಆ ಬೆಲೆ ಸಿಗದು. ಬಲಿತದ್ದು, ಎಳೆಯದು ಒಂದೇ ಕೊನೆಯಲ್ಲಿರುತ್ತವೆ, ಗಾತ್ರ ಒಂದೇ ಸಮ ಇರುವುದಿಲ್ಲ. ಕೊಟ್ಟಿಗೆಯಲ್ಲಿರುವುದು ಸಿಂಗಲ್ ಫೇಸ್ ಕರೆಂಟು. ಗಂಟೆಗೆ ಎಷ್ಟು ಕೆಜಿ ಸುಲಿಯುತ್ತದೆ ಎಂದು ಪ್ರದರ್ಶನದಲ್ಲಿ ಹೆಮ್ಮೆಯಿಂದ ಹೇಳಿಕೊಂಡ ಅಂಕಿಗಿಂತ ನೂರರಲ್ಲಿ ಎಷ್ಟು ಅಡಿಕೆ ಗಾಯವಾಗದೆ ಬರುತ್ತದೆ ಎಂಬ ಅಂಕಿ ಮುಖ್ಯ ಎಂದು ಆಗ ತಿಳಿಯುತ್ತದೆ.

ಅದಕ್ಕಿಂತ ದೊಡ್ಡದು ಗಿರಾಕಿ ಯಾರೆಂಬುದು. ಎರಡೆಕರೆ ತೋಟದವರು ವರ್ಷದಲ್ಲಿ ಕೆಲವೇ ವಾರ ಓಡುವ ಯಂತ್ರಕ್ಕೆ ಲಕ್ಷ ಸುರಿಯಲಾರರು. ಉಳಿದ ತಿಂಗಳು ಅದು ಇಲಿಗೆ ಮನೆ. ಆದರೆ ಹತ್ತಾರು ತೋಟಗಳ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವವರಿಗೆ ಅದೇ ಯಂತ್ರ ದಿನಕ್ಕೆ ಎರಡು ಪಾಳಿ ಓಡುತ್ತದೆ. ಪಿಕಪ್ ಗಾಡಿಯ ಮೇಲೆ ಯಂತ್ರ ಹೇರಿಕೊಂಡು ಮನೆಯಿಂದ ಮನೆಗೆ ಹೋಗಿ ಕೆಜಿ ಲೆಕ್ಕದಲ್ಲಿ ಸುಲಿದುಕೊಡುವ ಊರಿನ ಯುವಕ ಇನ್ನೊಬ್ಬ ಗಿರಾಕಿ. ಸಹಕಾರ ಸಂಘ ಮೂರನೆಯದು. ಯಾರಿಗೆ ಮಾರುತ್ತೀರಿ ಎಂಬುದು ಬದಲಾದ ಕೂಡಲೇ ಯಂತ್ರದ ವಿನ್ಯಾಸವೂ ಬದಲಾಗುತ್ತದೆ. ಚೇಣಿದಾರರಿಗೆ ದೊಡ್ಡದು, ಗಟ್ಟಿಯಾದದ್ದು ಬೇಕು; ಗಾಡಿಯ ಹುಡುಗನಿಗೆ ಹಗುರ, ಬೇಗ ಬಿಚ್ಚಿ ಜೋಡಿಸುವಂಥದ್ದು ಬೇಕು. ಇಷ್ಟು ತಿಳಿಯಲು ತೀರ್ಥಹಳ್ಳಿ, ಸಾಗರ, ಚನ್ನಗಿರಿ ಸುತ್ತಿದರೆ ಸಾಕು. ವೆಲ್ಡಿಂಗ್ ಶುರುಮಾಡುವ ಮೊದಲೇ ಸುತ್ತಬೇಕು ಎಂಬುದಷ್ಟೇ ಶರತ್ತು. ಸುತ್ತಿ ಬಂದ ಮೇಲೆ ಯಾರಾದರೂ ಐದೋ ಹತ್ತೋ ಸಾವಿರ ಮುಂಗಡ ಕೊಟ್ಟರೆ, ಅದು ಯಾವ ಸ್ಪರ್ಧೆಯ ಬಹುಮಾನಕ್ಕಿಂತಲೂ ದೊಡ್ಡ ಪುರಾವೆ.

ಇನ್ನು ಕಾಲದ ಮಾತು. ಎಲ್ಲ ತಂತ್ರಜ್ಞಾನವೂ ಒಂದು ಸುಗ್ಗಿಯಲ್ಲಿ ಪರೀಕ್ಷೆಯಾಗುವಂಥದ್ದಲ್ಲ. ಔಷಧ, ಹೊಸ ವಸ್ತುಗಳು, ಉಪಗ್ರಹಗಳಿಗೆ ಹತ್ತು ಹದಿನೈದು ವರ್ಷವೂ ಬೇಕಾಗಬಹುದು. ಅಷ್ಟು ಕಾಲ ಹೊಟ್ಟೆಗೇನು? ಕಿರಣ್ ಮಜುಂದಾರ್ ಷಾ ಅವರ ಬಯೋಕಾನ್ ಇದಕ್ಕೆ ಕೊಟ್ಟ ಉತ್ತರ ಈಗಲೂ ಓದತಕ್ಕದ್ದು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದ ಅವರಿಗೆ ಇಲ್ಲಿ ಹೆಣ್ಣೆಂಬ ಕಾರಣಕ್ಕೆ ಆ ಕೆಲಸ ಸಿಗಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಐರ್ಲೆಂಡಿನ ಕಂಪನಿಯೊಂದರ ಪಾಲುದಾರಿಕೆಯಲ್ಲಿ ಕೆಲಸ ಶುರುವಾಯಿತು. ಮೊದಲ ಸರಕು ಪರಂಗಿ ಹಣ್ಣಿನಿಂದ ತೆಗೆದ ಪಪೈನ್ ಮತ್ತು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್‌ಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸಲು ಬೇಕಾದವು. ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು: ಹೆಂಗಸು, ಚಿಕ್ಕ ವಯಸ್ಸು, ಜೈವಿಕ ತಂತ್ರಜ್ಞಾನವೆಂಬ ಹೆಸರೇ ಕೇಳಿರದ ಕಾಲ. ಆದರೆ ಕೊಳ್ಳುವವರು ಮೊದಲ ದಿನದಿಂದಲೇ ಇದ್ದರು. ಪಾಲುದಾರ ಕಂಪನಿಯೇ ಗಿರಾಕಿ.

ಎರಡು ದಶಕಗಳ ಕಾಲ ಕಿಣ್ವಗಳು ಮನೆ ನಡೆಸಿದವು. ಹುದುಗಿಸುವ ವಿದ್ಯೆಯಲ್ಲಿ ಕೈ ಪಳಗಿತು. ಆ ಪಳಗಿದ ಕೈಯೇ ಮುಂದೆ ಔಷಧಕ್ಕೆ ಹೋಯಿತು. 2004ರಲ್ಲಿ ಬಯೋಕಾನ್ ಪಿಚಿಯಾ ಎಂಬ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಕಂಪನಿ ಷೇರುಪೇಟೆಗೂ ಬಂತು. 2007ರಲ್ಲಿ ಕಿಣ್ವದ ವ್ಯಾಪಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್‌ಗೆ ಮಾರಿಬಿಟ್ಟರು. ಇನ್ಸುಲಿನ್ನಿನ ಕನಸು ಕಂಡೇ 1978ರಲ್ಲಿ ಶುರುಮಾಡಿದ್ದರೆ ಗ್ಯಾರೇಜಿನ ಬಾಗಿಲು ಮುಚ್ಚುತ್ತಿತ್ತು ಎಂದೇ ನಾನು ತಿಳಿಯುತ್ತೇನೆ. ಇವತ್ತು ಮಾರಬಹುದಾದದ್ದು ಒಂದು, ನಾಳೆಗೆ ಬೆಳೆಸಬೇಕಾದದ್ದು ಒಂದು, ಎರಡಕ್ಕೂ ಒಂದೇ ವಿದ್ಯೆ ಬೇರು. ದೀರ್ಘ ಕಾಲ ಬೇಡುವ ತಂತ್ರಜ್ಞಾನದವರಿಗೆ ಈ ದಾರಿ ಸಿಕ್ಕರೆ ಪುಣ್ಯ.

ಸಿಗದವರಿಗೆ ಸರ್ಕಾರದ ಅನುದಾನಗಳಿವೆ. ಮಾದರಿ ಮಾಡಲು ಕೇಂದ್ರದ ನಿಧಿ ಪ್ರಯಾಸ್ ಯೋಜನೆಯಡಿ ಹತ್ತು ಲಕ್ಷದವರೆಗೆ ಸಿಗುತ್ತದೆ. ಜೈವಿಕ ತಂತ್ರಜ್ಞಾನದವರಿಗೆ ಬೈರಾಕ್ ಸಂಸ್ಥೆ ಐವತ್ತು ಲಕ್ಷದವರೆಗೆ ಕೊಡುತ್ತದೆ. ಕರ್ನಾಟಕದ ಎಲಿವೇಟ್ ಯೋಜನೆ 2017ರಿಂದ ಆಯ್ದ ನವೋದ್ಯಮಗಳಿಗೆ ಐವತ್ತು ಲಕ್ಷದವರೆಗೆ ಕೊಡುತ್ತಾ ಬಂದಿದೆ. ಇವು ಸಾಲವಲ್ಲ, ಷೇರು ಕೇಳುವುದೂ ಇಲ್ಲ. ತೆಗೆದುಕೊಳ್ಳಲೇಬೇಕು. ಎಚ್ಚರಿಕೆ ಒಂದೇ: ಅನುದಾನದ ಅರ್ಜಿ ಬರೆಯುವುದೇ ಒಂದು ವೃತ್ತಿಯಾಗಿಬಿಡುವ ಅಪಾಯವಿದೆ. ಒಂದು ಸ್ಪರ್ಧೆ ಗೆದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಾ, ವೇದಿಕೆಯ ಮೇಲೆ ದೊಡ್ಡ ಚೆಕ್ ಹಿಡಿದ ಫೋಟೊಗಳು ಗೋಡೆ ತುಂಬುತ್ತವೆ. ಮೂರು ವರ್ಷವಾದರೂ ಒಬ್ಬ ಗಿರಾಕಿಗೂ ಬಿಲ್ ಹರಿದಿರುವುದಿಲ್ಲ. ಆಯ್ಕೆ ಸಮಿತಿಗೆ ಮೆಚ್ಚುಗೆಯಾಗುವುದಕ್ಕೂ ಮಂಡಿ ವರ್ತಕರಿಗೆ ಬೇಕಾಗುವುದಕ್ಕೂ ಸಂಬಂಧವಿಲ್ಲ.

ಪೇಟೆಂಟ್ ಬಗ್ಗೆಯೂ ಎರಡು ಮಾತು, ಯಾಕೆಂದರೆ ಇಲ್ಲಿ ವಿದ್ಯಾರ್ಥಿಗಳು ಗೊತ್ತಿಲ್ಲದೆ ಕಳೆದುಕೊಳ್ಳುತ್ತಾರೆ. ಅರ್ಜಿ ಹಾಕುವ ಮುನ್ನವೇ ಸಮ್ಮೇಳನದಲ್ಲಿ ಪ್ರಬಂಧ ಓದಿದರೆ, ಯೂಟ್ಯೂಬಿನಲ್ಲಿ ವಿಡಿಯೊ ಹಾಕಿದರೆ ಹೊಸತನವೇ ಹೋಯಿತೆಂದು ಅರ್ಜಿ ಬಿದ್ದುಹೋಗಬಹುದು. ತಾತ್ಕಾಲಿಕ ಅರ್ಜಿಯೊಂದನ್ನು ಮೊದಲು ಹಾಕಿಟ್ಟು, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ನವೋದ್ಯಮಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ನೂರಕ್ಕೆ ಎಂಬತ್ತರಷ್ಟು ರಿಯಾಯಿತಿ ಇದೆ. ಸಿಕ್ಕ ಹಕ್ಕು ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. ಪೇಟೆಂಟ್ ಇದ್ದ ಮಾತ್ರಕ್ಕೆ ವ್ಯಾಪಾರ ಆಗುವುದಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ವ್ಯಾಪಾರ ಕುದುರಿದ ಮೇಲೆ ಪಕ್ಕದವರು ನಕಲು ಮಾಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಇಷ್ಟೆಲ್ಲ ಒಬ್ಬರ ತಲೆಯಲ್ಲಿ ಹಿಡಿಸುವುದು ಕಷ್ಟ, ಜೊತೆಗೆ ತಿಳಿದವರೊಬ್ಬರು ಬೇಕು. ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಕ್ಯಾಸ್ಕೇಡ್, ಸಿಕಮೋರ್ ಎಂಬ ನೆಟ್‌ವರ್ಕಿಂಗ್ ಕಂಪನಿಗಳನ್ನು ಕಟ್ಟಿ ಗೆದ್ದವರು. 2002ರಲ್ಲಿ ಅವರ ದತ್ತಿಯಿಂದ ಎಂಐಟಿಯಲ್ಲಿ ಒಂದು ಕೇಂದ್ರ ಶುರುವಾಯಿತು. ಅಲ್ಲಿನ ಪದ್ಧತಿ ನನಗೆ ತುಂಬಾ ಹಿಡಿಸಿದ್ದು: ಪ್ರಯೋಗಾಲಯದ ಸಂಶೋಧನೆಗೆ ಹಣ ಕೊಡುವಾಗಲೇ ವ್ಯಾಪಾರ ನಡೆಸಿ ಗೊತ್ತಿರುವ ಒಬ್ಬರನ್ನು ಆ ತಂಡಕ್ಕೆ ಜೊತೆ ಮಾಡುತ್ತಾರೆ. ಅವರು ಸಂಬಳವಿಲ್ಲದೆ ಬರುತ್ತಾರೆ, ಇದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ಮೊದಲ ತಿಂಗಳಿನಿಂದಲೇ ಕೇಳುತ್ತಿರುತ್ತಾರೆ, ತಮಗೆ ಗೊತ್ತಿರುವ ಗಿರಾಕಿಗಳ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹುಬ್ಬಳ್ಳಿಯಲ್ಲೂ ದೇಶಪಾಂಡೆ ಪ್ರತಿಷ್ಠಾನ ನವೋದ್ಯಮಗಳಿಗೆ ನೆಲೆ ಕಟ್ಟಿದೆ. ಮೈಸೂರಿನ ಎಸ್‌ಜೆಸಿಇ, ಸುರತ್ಕಲ್ಲಿನ ಎನ್‌ಐಟಿಕೆ ಆವರಣಗಳಲ್ಲಿ ತಂತ್ರಜ್ಞಾನ ಉದ್ಯಮಿಗಳ ಪಾರ್ಕುಗಳಿವೆ. ಬೆಂಗಳೂರಿಗೆ ಹೋಗಿ ಬಾಡಿಗೆ ಕಟ್ಟಲಾಗದವರಿಗೆ ಇವು ಹತ್ತಿರದ ಬಾಗಿಲುಗಳು.

ಅದಕ್ಕೂ ಮೊದಲು ಕಾಲೇಜಿನಲ್ಲೇ ಮಾಡಬಹುದಾದ ಕೆಲಸವೊಂದಿದೆ. ಪ್ರಾಜೆಕ್ಟ್ ವರದಿಯಲ್ಲಿ ಪೀಠಿಕೆ, ಹಿಂದಿನ ಸಂಶೋಧನೆಗಳ ಅವಲೋಕನ, ವಿಧಾನ, ಫಲಿತಾಂಶ ಎಂಬ ಅಧ್ಯಾಯಗಳಿರುತ್ತವೆ. ಅದಕ್ಕೆ ಇನ್ನೊಂದು ಅಧ್ಯಾಯ ಸೇರಲಿ. ಈ ಕೆಲಸವನ್ನು ಇವತ್ತು ಮಾಡುತ್ತಿರುವ ಇಪ್ಪತ್ತು ಜನರನ್ನು ಕಂಡು ಮಾತಾಡಿ ಬರೆದ ಅಧ್ಯಾಯ: ಅವರು ಹೇಗೆ ಮಾಡುತ್ತಾರೆ, ಎಷ್ಟು ಖರ್ಚು, ದುಡ್ಡು ಯಾವ ತಿಂಗಳಲ್ಲಿ ಕೈಗೆ ಬರುತ್ತದೆ, ಕೆಟ್ಟರೆ ಯಾರ ಹತ್ತಿರ ಹೋಗುತ್ತಾರೆ. ಮಾತಾಡಿದವರಲ್ಲಿ ಒಬ್ಬರು, ಅಡಿಕೆ ಚೇಣಿದಾರರೋ ಹಾಲಿನ ಡೇರಿಯ ಕಾರ್ಯದರ್ಶಿಯೋ, ವೈವಾ ದಿನ ಪರೀಕ್ಷಕರ ಪಕ್ಕದಲ್ಲಿ ಕೂರಲಿ. ಯಂತ್ರ ಓಡುವುದನ್ನು ನೋಡಿ ಪ್ರಾಧ್ಯಾಪಕರು ಕೇಳುವ ಪ್ರಶ್ನೆಗಳ ಜೊತೆಗೆ ಅವರೂ ತಮ್ಮ ಪ್ರಶ್ನೆಗಳನ್ನು ಕೇಳಲಿ, ಅದಕ್ಕೂ ಹತ್ತು ಅಂಕ ಇರಲಿ.